ಪಹಣಿಯಲ್ಲಿ ಓಡಿಹೋದವನ ಹೆಸರು

ಕೊಪ್ಪ ಪೇಟೆ, ಮಧ್ಯಾಹ್ನ ಮೂರೂವರೆ, ಹೊರಗೆ ಜಡಿಮಳೆ. ಹೋಟೆಲಿನ ಮೂಲೆ ಮೇಜಿಗೆ ಮೂರು ಜನ: ಹೈಸ್ಕೂಲಲ್ಲಿ ಇತಿಹಾಸ ಹೇಳುತ್ತಿದ್ದ ಶಾರದಕ್ಕ, ಸರ್ವೆ ಇಲಾಖೆಯಿಂದ ನಿವೃತ್ತರಾದ ಗಣಪಯ್ಯ, ಕಾಫಿ ತೋಟದ ನಾಗೇಶ. ನಾಲ್ಕನೇ ಕುರ್ಚಿ ಕೊಡೆಗಳಿಗೆ.

ನಾಗೇಶ: ಗಣಪಯ್ಯೋರೇ, ಈ ಲೋಟದೊಳಗೆ ಒಂದು ದೇಶ ಇದೆ.

ಗಣಪಯ್ಯ: ಚಿಕೋರಿ ಇದೆ ಅನ್ನು, ನಂಬ್ತೀನಿ.

ನಾಗೇಶ: ನಮ್ಮ ಕಾವೇರಿ ತಳಿ, ಚಂದ್ರಗಿರಿ, ಸೆಲೆಕ್ಷನ್ 9, ಮೂರಕ್ಕೂ ಒಂದು ಕಡೆಯ ಅಜ್ಜ ಇಂಡೋನೇಷ್ಯಾ, ಆಸ್ಟ್ರೇಲಿಯಾ ನಡುವಿನ ತಿಮೋರ್ ದ್ವೀಪದವನು. ಹೈಬ್ರಿಡೊ ಡಿ ತಿಮೋರ್ ಅಂತ ಹೆಸರು. ಅರೇಬಿಕಾ, ರೊಬಸ್ಟಾ ಎರಡೂ ತಾವಾಗೇ ಕೂಡಿ ಹುಟ್ಟಿದ ಗಿಡ. ಅರೇಬಿಕಾಕ್ಕೆ 44 ಕ್ರೋಮೋಸೋಮ್, ರೊಬಸ್ಟಾಕ್ಕೆ 22. ಕೂಡಿದ್ರೆ ಸಾಮಾನ್ಯವಾಗಿ 33 ಬಂದು ಬಂಜೆ ಆಗ್ತದೆ. ಇದಕ್ಕೆ 44 ಬಂತು ನೋಡಿ, ಹಾಗಾಗಿ ಅರೇಬಿಕಾ ಜೊತೆ ಸಂಬಂಧ ಮುಂದುವರಿಸಬಹುದು, ರೊಬಸ್ಟಾದ ಎಲೆತುಕ್ಕು ರೋಗ ತಡೆಯೋ ತಾಕತ್ತೂ ಸಿಕ್ತು.

ಗಣಪಯ್ಯ: ಹಾಗಾದ್ರೆ ಕಾವೇರಿಗೆ ತುಕ್ಕು ಯಾಕೆ ಬಂತು?

ನಾಗೇಶ: ತುಕ್ಕಿನ ಬೂಷ್ಟೂ ಹೊಸ ಹೊಸ ಕುಲ ಹುಟ್ಟಿಸ್ತದಲ್ಲ. ಅಜ್ಜ ಬೀಗ ಕೊಟ್ಟ, ಕಳ್ಳ ಇನ್ನೊಂದು ಕೀಲಿ ಮಾಡಿಸ್ಕೊಂಡ.

ಶಾರದಕ್ಕ: ಅಜ್ಜನ ಊರಿನ ಹೆಸರೇ ತಮಾಷೆ. ತಿಮೋರ್ ಅಂದ್ರೆ ಮಲಯ ಭಾಷೆಯಲ್ಲಿ ಪೂರ್ವ. ಲೆಸ್ಟೆ ಅಂದ್ರೆ ಪೋರ್ಚುಗೀಸಲ್ಲಿ ಪೂರ್ವ. ದ್ವೀಪದ ಪೂರ್ವ ಭಾಗದ ದೇಶಕ್ಕೆ ತಿಮೋರ್ ಲೆಸ್ಟೆ ಅಂತ ಹೆಸರು, ಪೂರ್ವ ಪೂರ್ವ.

ಗಣಪಯ್ಯ: ನಡುಮಧ್ಯೆ, ಗೇಟುಬಾಗಿಲು ಅಂದ ಹಾಗೆ.

ಶಾರದಕ್ಕ: ವಿಸ್ತೀರ್ಣ ಸುಮಾರು 15,000 ಚದರ ಕಿಲೋಮೀಟರ್. ನಮ್ಮ ಜಿಲ್ಲೆಗೆ ಶಿವಮೊಗ್ಗ ಸೇರಿಸಿದ್ರೆ ಅದಕ್ಕಿಂತ ತುಸು ಜಾಸ್ತಿಯೇ. ಪೋರ್ಚುಗೀಸರು ಅಲ್ಲಿಗೆ ಹೋದದ್ದು ಶ್ರೀಗಂಧಕ್ಕೆ, ನಮ್ಮ ಮೈಸೂರು ಗಂಧದ ಜಾತಿಯೇ. ಅವರ ರಾಜಧಾನಿ ಮೊದಲು ಲಿಫಾವು, 1769ರಿಂದ ಡಿಲಿ. 1844ರ ತನಕ ಅವರ ಮೇಲಿನ ಕಚೇರಿ ಗೋವಾ.

ನಾಗೇಶ: ಅರ್ಜಿ ಹಡಗಲ್ಲಿ ಗೋವಾಕ್ಕೆ ಹೋಗಿ, ಷರಾ ಬರೆಸ್ಕೊಂಡು ವಾಪಸ್ ಬರೋದು ಯಾವ ಕಾಲಕ್ಕೆ?

ಗಣಪಯ್ಯ: ಚಿಕ್ಕಮಗಳೂರಿಂದ ಬರೋದು ಯಾವ ಕಾಲಕ್ಕೆ, ಅದು ಹೇಳು. ಇರಲಿ. ದ್ವೀಪದ ಪಾಲು ಆದದ್ದು 1859ರ ಲಿಸ್ಬನ್ ಒಪ್ಪಂದದಲ್ಲಿ. ಪಶ್ಚಿಮ ಡಚ್ಚರಿಗೆ, ಪೂರ್ವ ಪೋರ್ಚುಗೀಸರಿಗೆ. ಫ್ಲೋರೆಸ್ ದ್ವೀಪದ ಕಡೆ ಹಕ್ಕು ಬಿಟ್ಟದ್ದಕ್ಕೆ ಪೋರ್ಚುಗೀಸರ ಕೈಗೆ 2 ಲಕ್ಷ ಫ್ಲೋರಿನ್. ಆದ್ರೆ ಹಳೇ ಲಿಫಾವು ಇದ್ದ ಒಕುಸಿಯನ್ನ ಬಿಡ್ಲಿಲ್ಲ. ಡಚ್ಚರ ಹಿಸ್ಸೆಯೊಳಗೆ ಸುಮಾರು 800 ಚದರ ಕಿಲೋಮೀಟರಿನ ತುಂಡು ಇವರದ್ದು! ಗಡಿ ಜಗಳ 1914ರಲ್ಲಿ ಹೇಗ್ ನಗರದ ಪಂಚಾಯ್ತಿಕೆಯ ತನಕ ಹೋಯ್ತು. ಇವತ್ತಿಗೂ ಡಿಲಿಯಿಂದ ರಸ್ತೆ ಹಿಡಿದು ಅಲ್ಲಿಗೆ ಹೋಗೋದಾದ್ರೆ ಇಂಡೋನೇಷ್ಯಾ ದಾಟಬೇಕು. ಪಾಲು ಮಾಡುವಾಗ ದಾರಿ ಬಿಡದಿದ್ರೆ ಹೀಗೇ.

ಶಾರದಕ್ಕ: 1974ರ ಏಪ್ರಿಲ್ 25ರಂದು ಲಿಸ್ಬನ್ನಲ್ಲಿ ಸೈನಿಕರೇ ಸರ್ಕಾರ ಉರುಳಿಸಿದ್ರು. ವಸಾಹತು ಸಾಕು ಅನ್ನೋದು ಅವರ ತೀರ್ಮಾನ. ಡಿಲಿಯಲ್ಲಿ ಪಕ್ಷಗಳು ಹುಟ್ಟಿದ್ವು. 1975ರ ಆಗಸ್ಟಲ್ಲಿ ಯುಡಿಟಿಗೂ ಫ್ರೆಟಿಲಿನ್‌ಗೂ ಹೊಡೆದಾಟ ಬಿತ್ತು. ಪೋರ್ಚುಗೀಸ್ ಗವರ್ನರ್ ಲೆಮೋಸ್ ಪಿರೆಸ್ ಪರಿವಾರ ಸಮೇತ ಎದುರಿನ ಅಟಾವ್ರೊ ದ್ವೀಪಕ್ಕೆ ದೋಣಿ ಹತ್ತಿದ. ಫ್ರೆಟಿಲಿನ್ ಗೆದ್ದು ನವೆಂಬರ್ 28ಕ್ಕೆ ಸ್ವಾತಂತ್ರ್ಯ ಸಾರಿತು. ಡಿಸೆಂಬರ್ 7ಕ್ಕೆ ಇಂಡೋನೇಷ್ಯಾದ ಸೈನ್ಯ ಇಳೀತು. ಒಂಬತ್ತು ದಿನದ ದೇಶ.

ಗಣಪಯ್ಯ: ಇಲ್ಲೇ ನೋಡಿ ಮಜಾ. 1976ರಲ್ಲಿ ಇಂಡೋನೇಷ್ಯಾ ಅದನ್ನ ತನ್ನ 27ನೇ ಪ್ರಾಂತ್ಯ ಅಂತು. ಅನುಭವ ಅವರದ್ದು, ಬೇಲಿ ಅವರದ್ದು. ಆದ್ರೆ ವಿಶ್ವಸಂಸ್ಥೆಯ ಪಹಣಿಯಲ್ಲಿ ಖಾತೆದಾರ ಪೋರ್ಚುಗಲ್ಲೇ! ದೋಣಿ ಹತ್ತಿ ಹೋದವನ ಹೆಸರು 24 ವರ್ಷ ಅಳಿಸಲಿಲ್ಲ. ಅದರಿಂದಲೇ ಅಲ್ಲಿನ ಜನರ ಮತ ಕೇಳೋಣ ಅನ್ನೋ 1999ರ ಮೇ 5ರ ಒಪ್ಪಂದಕ್ಕೆ ಸಹಿ ಹಾಕೋಕೆ ಪೋರ್ಚುಗಲನ್ನೇ ಕರೀಬೇಕಾಯ್ತು.

ನಾಗೇಶ: ಓಡಿಹೋದದ್ದೂ ಒಂದು ಉಪಕಾರ ಅಂತೀರಾ?

ಶಾರದಕ್ಕ: ಉಪಕಾರ ಅನ್ನಬೇಡ. ಆ 24 ವರ್ಷದ ಲೆಕ್ಕವನ್ನ ಅಲ್ಲಿನ ಸತ್ಯಶೋಧನಾ ಆಯೋಗ ಕೂಡಿಸಿದೆ. ಕಡಿಮೆ ಅಂದ್ರೂ 1,02,800 ಸಾವು. ಅದರಲ್ಲಿ 84,000ದಷ್ಟು ಹಸಿವು, ಕಾಯಿಲೆಯಿಂದ. ಬೆಟ್ಟದ ಜನರನ್ನ ಗದ್ದೆ ಬಿಡಿಸಿ ಶಿಬಿರದಲ್ಲಿ ಕೂಡಿದ್ರೆ ಬೆಳೆಯೋರು ಯಾರು?

(ಸ್ವಲ್ಪ ಹೊತ್ತು ಮಳೆಯದ್ದೇ ಸದ್ದು. ಗೋಳಿಬಜೆ ಬಂತು.)

ಶಾರದಕ್ಕ: 1999ರ ಆಗಸ್ಟ್ 30ಕ್ಕೆ ಮತದಾನ. ಪ್ರಶ್ನೆ ಇದ್ದದ್ದು ಸ್ವಾಯತ್ತತೆ ಒಪ್ತೀರಾ ಇಲ್ವಾ ಅಂತ. ಒಪ್ಪಲ್ಲ ಅಂದ್ರೆ ಸ್ವಾತಂತ್ರ್ಯ. ನೂರಕ್ಕೆ 98.6 ಜನ ಬಂದ್ರು, 78.5 ಜನ ಒಪ್ಪಲ್ಲ ಅಂದ್ರು. ಫಲಿತಾಂಶ ಬಂದ ಮೇಲೆ ಜಕಾರ್ತಾ ಪರ ಪಡೆಗಳು ಊರೂರೇ ಸುಟ್ವು. ಸೆಪ್ಟೆಂಬರ್ 20ಕ್ಕೆ ಆಸ್ಟ್ರೇಲಿಯಾದ ಮುಂದಾಳತ್ವದ ಪಡೆ ಬಂತು, ಅಕ್ಟೋಬರ್ 25ಕ್ಕೆ ವಿಶ್ವಸಂಸ್ಥೆಯೇ ಸರ್ಕಾರ ಆಯ್ತು. ಎರಡೂವರೆ ವರ್ಷ.

ಗಣಪಯ್ಯ: ಕೆಲಸ ಇರೋದೇ ಅಲ್ಲಿ. ಬಾವುಟ ಹಾರಿಸೋಕೆ ಒಂದು ಬಿದಿರು ಸಾಕು. ಕಳ್ಳನ್ನ ಹಿಡಿದ್ರೆ ಯಾವ ಕಾನೂನಲ್ಲಿ ಹಾಕೋದು? ಹೊಸತು ಬರೆಯೋ ತನಕ ಹಳೇ ಇಂಡೋನೇಷ್ಯಾದ ಕಾನೂನೇ ನಡೀಲಿ, ಮಾನವ ಹಕ್ಕಿಗೆ ವಿರುದ್ಧ ಇರೋದನ್ನ ಬಿಟ್ಟು, ಅಂತ ಮೊದಲನೇ ನಿಯಮ ಮಾಡಿದ್ರು. ನ್ಯಾಯಾಧೀಶರು? ಇದ್ದೋರು ಗಂಟು ಕಟ್ಟಿ ಹೋಗಿದ್ರು. ವಕೀಲಿ ಓದಿದವರು ಯಾರಾದ್ರೂ ಇದ್ರೆ ಬನ್ನಿ ಅಂತ ವಿಮಾನದಿಂದ ಕರಪತ್ರ ಸುರಿದ್ರು. ಒಂದು ವಾರದಲ್ಲಿ 17 ಜನ ಸಿಕ್ಕಿದ್ರು.

ನಾಗೇಶ: ನಮ್ಮಲ್ಲಿ ಹಾಗೆ ಸುರಿದ್ರೆ ಕರಪತ್ರ ಸಾಲೋದಿಲ್ಲ.

ಶಾರದಕ್ಕ: ಭಾಷೆಯೂ ಅಷ್ಟೇ. ಸಂವಿಧಾನ ಟೆಟುಮ್, ಪೋರ್ಚುಗೀಸ್ ಎರಡನ್ನೂ ಅಧಿಕೃತ ಅಂತು. ಆಕ್ರಮಣದ ಕಾಲದಲ್ಲಿ ಶಾಲೆ ಕಲಿತ ಹುಡುಗರಿಗೆ ಬರ್ತಿದ್ದದ್ದು ಇಂಡೋನೇಷ್ಯನ್. ಪೋರ್ಚುಗೀಸ್ ಬರೋದು ಹಳಬರಿಗೆ. ಕೋರ್ಟಲ್ಲಿ ಕೂತ ಹುಡುಗನಿಗೆ ತನ್ನ ಮೇಲಿನ ಆರೋಪ ತಿಳ್ಕೊಳ್ಳೋಕೂ ದುಭಾಷಿ. ಇದು ಹಿರಿಯರು ತಮಗೆ ಬೇಕಾದ ಹಾಗೆ ಮಾಡ್ಕೊಂಡದ್ದು ಅಂತ ನನಗೆ ಈಗಲೂ ಅನ್ನಿಸ್ತದೆ.

ಗಣಪಯ್ಯ: 2002ರ ಮೇ 20ಕ್ಕೆ ಎರಡನೇ ಸಲ ಸ್ವಾತಂತ್ರ್ಯ, ಶನಾನಾ ಗುಸ್ಮಾವ್ ಅಧ್ಯಕ್ಷ. ಅದಕ್ಕೆ ಎರಡೇ ತಿಂಗಳು ಮುಂಚೆ ಆಸ್ಟ್ರೇಲಿಯಾ ಏನು ಮಾಡ್ತು ಗೊತ್ತಾ? ಸಮುದ್ರದ ಗಡಿ ವಿಷಯಕ್ಕೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನಾವು ಬರೋದಿಲ್ಲ ಅಂತ ಕಾಗದ ಕೊಟ್ತು! ಸಮುದ್ರದ ಕೆಳಗೆ ಅನಿಲ ಇತ್ತಲ್ಲ. 1972ರಲ್ಲಿ ಇಂಡೋನೇಷ್ಯಾ ಜೊತೆ ಸೇರಿ ಸಮುದ್ರತಳಕ್ಕೆ ಗೆರೆ ಎಳೆದಿದ್ರು. ಪೋರ್ಚುಗಲ್ ಸೇರದ ಕಾರಣ ನಡುವೆ ಗೆರೆ ತುಂಡು. ಅದೇ ತಿಮೋರ್ ಗ್ಯಾಪ್. ನಮ್ಮ ನೆಲದ ಇಳಿಜಾರು ಎಲ್ಲಿ ತನಕವೋ ಅಲ್ಲಿ ತನಕ ನಮ್ಮದು ಅನ್ನೋದು ಆಸ್ಟ್ರೇಲಿಯಾದ ವಾದ. ನಡುಗೆರೆ ಹಾಕಿ ಅನ್ನೋದು ತಿಮೋರಿನವರದ್ದು. 2016ರಲ್ಲಿ ಇವರು ಆಸ್ಟ್ರೇಲಿಯಾವನ್ನ ಕಡಲ ಕಾನೂನಿನ ಕಡ್ಡಾಯ ರಾಜಿಗೆ ಎಳೆದ್ರು. ಹಾಗೆ ಎಳೆದದ್ದು ಜಗತ್ತಲ್ಲೇ ಮೊದಲು. 2018ರ ಮಾರ್ಚಲ್ಲಿ ಒಪ್ಪಂದ, ಗೆರೆ ಬಹುಪಾಲು ನಡುವಿಗೇ ಬಂತು. ನಕ್ಷೆ ನೋಡಿ ನಾನೊಂದು ನಮಸ್ಕಾರ ಹಾಕಿದೆ.

ನಾಗೇಶ: ಅಲ್ಲಿಗೆ ಮುಗೀತಲ್ಲ, ಅನಿಲ ಬಂತು, ದುಡ್ಡು ಬಂತು.

ಶಾರದಕ್ಕ: ದುಡ್ಡಿಗೆ 2005ರಲ್ಲೇ ಪೆಟ್ರೋಲಿಯಂ ನಿಧಿ ಮಾಡಿದ್ರು. ಒಳ್ಳೇ ಕಾನೂನು. ಪೆಟ್ರೋಲಿಯಂ ಸಂಪತ್ತಿನ ಶೇಕಡಾ 3ರಷ್ಟನ್ನ ವರ್ಷಕ್ಕೆ ತೆಗೀಬಹುದು, ಜಾಸ್ತಿ ಬೇಕಾದ್ರೆ ಸಂಸತ್ತಿಗೆ ಕಾರಣ ಹೇಳ್ಬೇಕು.

ಗಣಪಯ್ಯ: ಕಾರಣ ಹೇಳೋದ್ರಲ್ಲಿ ಯಾವ ಸರ್ಕಾರ ಹಿಂದೆ ಬಿದ್ದಿದೆ?

ಶಾರದಕ್ಕ: ಹೇಳ್ತಾನೇ ಬಂದ್ರು. ದುಡ್ಡು ಕೊಟ್ಟ ಬಾಯು ಉಂಡಾನ್ ಬಾವಿ 2025ರಲ್ಲಿ ನಿಂತಿತು. ಮುಂದಿನದು ಗ್ರೇಟರ್ ಸನ್‌ರೈಸ್. ಅಲ್ಲಿಂದ ತಮ್ಮ ದಡಕ್ಕೇ ಪೈಪು ಬರಲಿ ಅಂತ ಇವರ ಹಟ. ಹಾಗೆ ಬಂದ್ರೆ ಇವರ ಪಾಲು ಶೇಕಡಾ 70, ಆಸ್ಟ್ರೇಲಿಯಾಕ್ಕೆ ಹೋದ್ರೆ 80.

ನಾಗೇಶ: ಜಾಸ್ತಿ ಪಾಲು ಬಿಟ್ಟು ಕಡಿಮೆಗೆ ಹಟವಾ?

ಶಾರದಕ್ಕ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ನಿನ್ನ ಅಂಗಳದಲ್ಲಿದ್ರೆ ಕೂಲಿ ನಿನ್ನ ಊರಿನವರಿಗೆ ತಾನೇ? ಲೆಕ್ಕ ಅದು. ತೊಡಕು ಏನಂದ್ರೆ ದಾರಿಯಲ್ಲಿ 3,000 ಮೀಟರ್ ಆಳದ ಸಮುದ್ರ ಕಂದಕ ಇದೆ. ಅದನ್ನ ದಾಟಿಸಬೇಕು.

ನಾಗೇಶ: ಅವರ ದುಡ್ಡಿಗೆ ಏನಂತಾರೆ?

ಶಾರದಕ್ಕ: ಡಾಲರ್. ಅಮೆರಿಕದ್ದೇ, 2000ದಿಂದ. ಸ್ವಂತ ನೋಟು ಅಂದ್ರೆ ಅದರ ಬೆಲೆ ಕಾಯೋಕೆ ಗಟ್ಟಿ ಬ್ಯಾಂಕು ಬೇಕಲ್ಲ. ಬೆಲೆ ಕುಸಿಯೋ ಭಯ ಇಲ್ಲ, ಆದ್ರೆ ಕಾಫಿ ಮಾರಾಟಕ್ಕೆ ಅನುಕೂಲ ಆಗಲಿ ಅಂತ ತಾವೇ ಇಳಿಸೋಕೂ ಆಗೋದಿಲ್ಲ. 2003ರಿಂದ ಚಿಲ್ಲರೆ ಮಾತ್ರ ತಮ್ಮದೇ, ಸೆಂಟಾವೊ.

(ಬಿಲ್ಲು ಬಂತು: ನೂರೈದು ರೂಪಾಯಿ.)

ನಾಗೇಶ: ಗಣಪಯ್ಯೋರೇ, ಅದೇ ಪದ್ಧತಿ ಮಾಡುವ. ನೋಟು ನಿಮ್ಮದು, ಚಿಲ್ಲರೆ ನನ್ನದು.