ಅಪ್‌ಡೇಟ್: ಟ್ರೇಲರ್‌ನ ನೀರಿನ ಪೈಪುಗಳು ಚಳಿಗಾಲಕ್ಕೆ ಸಿದ್ಧ

ಟ್ರಾವೆಲ್ ಟ್ರೇಲರ್‌ನ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಯಂಥ ಗಾಡಿಯ) ಪೈಪುಗಳಿಗೆ ಗಾಳಿ ಊದಿ ನೀರು ಹೊರಹಾಕಿದರೆ ಸಾಕೇ, ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಕೂಡ ತುಂಬಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೊನೆಗೆ ಎರಡನ್ನೂ ಮಾಡಿದೆ.

ಟ್ಯಾಂಕುಗಳನ್ನು ಖಾಲಿ ಮಾಡಿ ಫಿಲ್ಟರ್ ತೆಗೆದಿಟ್ಟೆ. ವಾಟರ್ ಹೀಟರ್ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಅದನ್ನು ಆರಿಸಿ, ನೀರು ಪೂರ್ತಿ ತಣ್ಣಗಾಗಿ, ಒತ್ತಡ ಇಳಿಸಿದ ಮೇಲೆಯೇ ಡ್ರೈನ್ ಪ್ಲಗ್ ಬಿಚ್ಚಬೇಕು. ನಂತರ ಹೀಟರ್‌ಗೆ ಹೋಗುವ ದಾರಿ ತಪ್ಪಿಸುವ ಬೈಪಾಸ್ ವಾಲ್ವ್ ತಿರುಗಿಸಿದೆ; ಇಲ್ಲವಾದರೆ ಆಂಟಿಫ್ರೀಜ್ ಸುಮ್ಮನೆ ಹೀಟರ್ ತುಂಬಲು ಖರ್ಚಾಗುತ್ತದೆ.

ಗಾಳಿ ಊದುವ ಕಂಪ್ರೆಸರ್‌ನ ಒತ್ತಡ 30 ಪಿಎಸ್‌ಐ (ಒತ್ತಡದ ಅಳತೆ) ದಾಟದಂತೆ ನೋಡಿಕೊಂಡು ಒಂದೊಂದೇ ನಲ್ಲಿ ತೆರೆದೆ. ಒಳಗಿನ ನಲ್ಲಿಗಳಲ್ಲಿ ಬರೀ ಗಾಳಿ ಬರತೊಡಗಿದ ಮೇಲೂ ಹೊರಗಿನ ಶವರ್‌ನಿಂದ ನೀರು ಚಿಮ್ಮಿತು! ಪೈಪಿನ ತಗ್ಗುಗಳಲ್ಲಿ ನಿಂತ ನೀರಿನ ಮೇಲಿಂದ ಗಾಳಿ ಹಾದುಹೋಗಿಬಿಡುತ್ತದೆ. ಪಂಪಿನೊಳಗೂ ಸ್ವಲ್ಪ ನೀರು ಉಳಿದಿರುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುವುದರಿಂದ, ಅಷ್ಟೇ ನೀರು ಪಂಪನ್ನು ಒಡೆಯಬಲ್ಲದು. ನನ್ನ ಮಟ್ಟಿಗೆ ಆಂಟಿಫ್ರೀಜ್ ಬೇಕೇ ಬೇಕು ಅನ್ನಿಸಿದ್ದು ಇದಕ್ಕೇ.

ಪಂಪಿನ ಮೂಲಕ ಅದನ್ನು ಎಳೆಸಿ, ಬಿಸಿ, ತಣ್ಣೀರಿನ ಎರಡೂ ನಲ್ಲಿಗಳಲ್ಲಿ, ಟಾಯ್ಲೆಟ್‌ನಲ್ಲಿ ಆಂಟಿಫ್ರೀಜ್‌ನ ಗುಲಾಬಿ ಬಣ್ಣ ಕಾಣುವವರೆಗೂ ಬಿಟ್ಟೆ. ಸಿಂಕ್ ಮತ್ತು ಶವರ್‌ನ ಟ್ರ್ಯಾಪ್‌ಗಳಿಗೂ (ಕೆಳಗೆ ನೀರು ನಿಲ್ಲುವ ಬಾಗಿದ ಪೈಪುಗಳಿಗೂ) ಒಂದಿಷ್ಟು ಸುರಿದೆ. ಕೊಳ್ಳುವವರು ಕ್ಯಾನ್ ಮೇಲಿನ ಚೀಟಿ ಓದಿ: ಕುಡಿಯುವ ನೀರಿನ ಪೈಪಿಗೆಂದೇ ಇರುವ, ವಿಷಕಾರಿಯಲ್ಲದ ಪ್ರೊಪಿಲೀನ್ ಗ್ಲೈಕಾಲ್ ಬಗೆಯದೇ ಆಗಬೇಕು. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ದಯವಿಟ್ಟು ಅದನ್ನು ಹಾಕಲೇಬೇಡಿ.