ಅತ್ತೆಯವರ ರೀಲ್‌ಗೆ ಏನು ಉತ್ತರ ಕೊಡಲಿ? ಸಹಾಯ ಬೇಕು

ನಮಸ್ಕಾರ. ಮಗನಿಗೆ ಎಂಟು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ ಅಂತ ಮಕ್ಕಳ ಮನೋವೈದ್ಯರು ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದು ನಾಲ್ಕು ತಿಂಗಳಾಯಿತು. ಈಗ ಹೋಂವರ್ಕ್‌ಗೆ ಕೂತರೆ ಒಂದು ಪುಟ ಮುಗಿಸಿಯೇ ಏಳುತ್ತಾನೆ. ಮೊದಲು ಎರಡು ಸಾಲಿಗೇ ಪೆನ್ಸಿಲ್ ಮಂಚದ ಕೆಳಗೆ ಉರುಳಿರುತ್ತಿತ್ತು.

ಅಷ್ಟರಲ್ಲಿ ಅತ್ತೆಯವರ ಮೊಬೈಲ್‌ಗೆ ಒಂದು ರೀಲ್ ಬಂತು. ಬಿಳಿ ಕೋಟು ಹಾಕಿದವರೊಬ್ಬರು, ಇಂಥ ಕಾಯಿಲೆಯೇ ಇಲ್ಲ, ಸಕ್ಕರೆ ಬಿಡಿಸಿದರೆ 21 ದಿನದಲ್ಲಿ ಮಗು ಸರಿ ಅನ್ನುತ್ತಾರೆ. ಹೋದ ವಾರ ತುಳಸಿ ಕುಂಡದ ಮಣ್ಣಲ್ಲಿ ಎರಡು ಮಾತ್ರೆ ಸಿಕ್ಕವು!

ಸಕ್ಕರೆಯಿಂದ ಇದು ಬರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದನ್ನು ಹೇಳಿ ನೋಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಆದರೆ ಅತ್ತೆ ಫೋನ್ ಮುಟ್ಟಲೇ ಇಲ್ಲ. ರೀಲನ್ನು ರಿಪೋರ್ಟ್ ಮಾಡಿದೆ, ಮರುದಿನ ಅಂಥದ್ದೇ ಇನ್ನೊಂದು. ಅವರು ಕೆಟ್ಟವರಲ್ಲ, ಮೊಮ್ಮಗ ಅಂದರೆ ಪ್ರಾಣ. ಅದೇ ಕಷ್ಟ ಅಲ್ವಾ?

ನಾನು ವಾದಿಸಿದಷ್ಟೂ ಅವರು ಆ ರೀಲ್‌ಗೇ ಜಾಸ್ತಿ ಅಂಟಿಕೊಳ್ಳುತ್ತಿದ್ದಾರೆ. ಸುಮ್ನಿದ್ದರೆ ಮಾತ್ರೆ ಮಣ್ಣಿಗೆ. ಮುಂದಿನ ಸಲ ಅವರನ್ನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಹಾಗೆ ಮಾಡಿದವರು ಇದ್ದೀರಾ? ಮಗುವಿನ ಎದುರೇ ಮಾತಾಡಿಸಿದಿರಾ, ಇಲ್ಲ ಮಗುವನ್ನು ಹೊರಗೆ ಕೂರಿಸಿಯಾ?