ಹೆಸರು ಬೆಳೆ ಹಳದಿಯಾಗುತ್ತಿದೆ, ಎರಡು ಸಲ ಎಣ್ಣೆ ಹೊಡೆದರೂ ಬಿಳಿ ನೊಣ ಹೋಗುತ್ತಿಲ್ಲ

ಆಳಂದ ಎರೆಹೊಲ:
ಎಲ್ಲರಿಗೂ ಶರಣು. ನಮ್ಮದು ಆಳಂದ ತಾಲ್ಲೂಕು, ಎರೆ ಭೂಮಿ. ಜೂನ್ ಎರಡನೇ ವಾರ ಎರಡು ಎಕರೆಯಲ್ಲಿ ಹೆಸರು ಬಿತ್ತಿದ್ದೇನೆ, ನಡುವೆ ತೊಗರಿ ಸಾಲು ಇದೆ. ಇವತ್ತಿಗೆ 32 ದಿನ. ಮೊದಲು ಎಲೆ ಮೇಲೆ ಹಳದಿ ಚುಕ್ಕೆ ಬಂತು. ಈಗ ಕೆಲವು ಗಿಡ ಪೂರ್ತಿ ಅರಿಶಿನ ಬಳಿದಂತಿವೆ. ಗಿಡ ಅಲ್ಲಾಡಿಸಿದರೆ ಬಿಳಿ ನೊಣ ಹಾರುತ್ತವೆ. ಅಂಗಡಿಯವರು ಕೊಟ್ಟ ಕೀಟನಾಶಕ ಎಣ್ಣೆ ಸೈಪರ್‌ಮೆಥ್ರಿನ್ ಎರಡು ಸಲ ಹೊಡೆದೆ. ಎರಡು ದಿನ ಕಡಿಮೆ ಆಗುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ. ಇದೇ ನೊಣ ತೊಗರಿಗೂ ಹೋಗಿ ಕಾಯಿ ಬಿಡದಂತೆ ಗೊಡ್ಡು ಮಾಡುತ್ತದೆ ಅಂತ ಪಕ್ಕದ ಹೊಲದ ಕಾಕಾ ಹೇಳಿದರು. ಆವತ್ತಿನಿಂದ ನಿದ್ದೆ ಬರುತ್ತಿಲ್ಲ. ಮೂರನೇ ಸಲ ಯಾವ ಎಣ್ಣೆ ಹೊಡೆಯಲಿ?

ಭಾಲ್ಕಿ ಅಕ್ಕ:
ತಮ್ಮಾ, ಮೊದಲು ತೊಗರಿ ಭಯ ಬಿಡಪ್ಪ. ತೊಗರಿಯ ಗೊಡ್ಡು ರೋಗ ತರುವುದು ಬಿಳಿ ನೊಣ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ತರುತ್ತದೆ. ಅದು ಬೇರೆ ರೋಗ, ಬೇರೆ ವೈರಸ್. ನಿನ್ನ ಹೆಸರಿಗೆ ಬಂದಿರುವುದು ಬಿಳಿ ನೊಣ ಹರಡುವ ಹಳದಿ ನಂಜು ರೋಗ, ಅದೂ ವೈರಸ್ಸಿನದೇ.

ಎಣ್ಣೆ ಹೆಸರು ಹೇಳುವ ಮೊದಲು ಎರಡು ಮಾತು ಕೇಳುತ್ತೇನೆ. ಹಳದಿ ಹೊಲದ ಯಾವ ಕಡೆಯಿಂದ ಶುರುವಾಯಿತು? ಸುತ್ತ ಏನೇನು ಬೆಳೆ ಇದೆ? ಬದುವಿನ ಮೇಲಿನ ಕಸ ಕೂಡ ಬಿಡದೆ ಹೇಳು.

ಆಳಂದ ಎರೆಹೊಲ:
ಬಾವಿ ಕಡೆಯಿಂದ ಶುರುವಾಯಿತು ಅಕ್ಕಾ. ಅಲ್ಲಿ ಐದು ಗುಂಟೆ ಬದನೆ, ಒಂದಿಷ್ಟು ಬೆಂಡೆ ಇದೆ. ಬದನೆ ಹೋದ ವರ್ಷದ್ದು, ಇನ್ನೂ ಕಾಯಿ ಬಿಡುತ್ತಿದೆ ಅಂತ ಅವ್ವ ಕೀಳಲು ಬಿಡಲಿಲ್ಲ. ಬದುವಿನಲ್ಲಿ ತುತ್ತಿ ಗಿಡ, ಕಾಂಗ್ರೆಸ್ ಕಸ. ಪಶ್ಚಿಮಕ್ಕೆ ಪಕ್ಕದವರ ಕಬ್ಬು. ಕಬ್ಬಿನ ಎಲೆ ಅಡಿಯಲ್ಲೂ ಬಿಳಿ ನೊಣ ಇದೆ, ಅದೇ ಬಂದಿರಬೇಕು ಅಂದುಕೊಂಡಿದ್ದೆ.

ಭಾಲ್ಕಿ ಅಕ್ಕ:
ಕಬ್ಬಿನವರ ಮೇಲೆ ಸಿಟ್ಟು ಮಾಡಬೇಡ. ಕಬ್ಬಿನ ಬಿಳಿ ನೊಣ ಬೇರೆ ಜಾತಿ, ಹೆಸರಿಗೆ ಬರುವುದಿಲ್ಲ. ಪೇರಲ ಎಲೆ ಅಡಿ ಹತ್ತಿಯಂತೆ ಬಿಳಿ ಸುರುಳಿ ಹಾಕುವುದೂ ಬೇರೆಯೇ.

ನಿನ್ನ ಹೊಲಕ್ಕೆ ಬಂದಿರುವುದು ಬೆಮಿಸಿಯಾ ಟಬಾಸಿ ಅನ್ನುವ ಜಾತಿಯ ಬಿಳಿ ನೊಣ. 1889ರಲ್ಲಿ ಗ್ರೀಸ್ ದೇಶದ ತಂಬಾಕಿನ ಮೇಲೆ ಸಿಕ್ಕಿದ್ದಕ್ಕೆ ಆ ಹೆಸರು. ಇದು ಕೂರದ ಗಿಡ ಕಡಿಮೆ. ಹತ್ತಿ, ಬದನೆ, ಟೊಮ್ಯಾಟೊ, ಬೆಂಡೆ, ಸೂರ್ಯಕಾಂತಿ, ಸೌತೆ, ಕುಂಬಳ, ಉದ್ದು, ಹೆಸರು, ಸೋಯಾ ಎಲ್ಲವೂ ಬೇಕು. ಕೇರಳದ ಕಡೆ ಮರಗೆಣಸನ್ನೂ ಬಿಡುವುದಿಲ್ಲ. ನಿಮ್ಮ ಬದುವಿನ ತುತ್ತಿಯೂ ಅದಕ್ಕೆ ಊಟವೇ.

ಈಗ ಬಾವಿ ಹತ್ತಿರ ಹೋಗಿ ಬದನೆಯ ಕೆಳಗಿನ ಹಳೆ ಎಲೆ ತಿರುಗಿಸಿ ನೋಡು. ಚಪ್ಪಟೆ, ತಿಳಿ ಹಳದಿ ಹೊಪ್ಪಳೆಯಂಥವು ಅಂಟಿಕೊಂಡಿದ್ದರೆ ಅವೇ ಮರಿ. ಎಲೆ ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು ಇರಬಹುದು.

ಆಳಂದ ಎರೆಹೊಲ:
ನೋಡಿದೆ ಅಕ್ಕಾ. ಎಲೆ ಅಡಿ ಜಾಗವೇ ಇಲ್ಲ, ಅಷ್ಟು ಮರಿ. ಆದರೆ ಬದನೆ ಹಳದಿಯಾಗಿಲ್ಲ, ಹಸಿರಾಗೇ ಇದೆ. ಹಾಗಾದರೆ ರೋಗ ಅಲ್ಲಿಂದ ಹೇಗೆ ಬಂತು?

ಶಹಾಪುರ ಹತ್ತಿ:
ನಡುವೆ ಮಾತಾಡುತ್ತೇನೆ, ಕ್ಷಮಿಸಿ. ಈ ಪ್ರಶ್ನೆ ನನಗೂ ಬಹಳ ದಿನ ಕಾಡಿತ್ತು. ನೊಣದ ಮನೆ ಬೇರೆ, ರೋಗದ ಮನೆ ಬೇರೆ. ನೊಣ ಬದನೆಯಲ್ಲಿ ಹೆಚ್ಚುತ್ತದೆ. ಆದರೆ ಹೆಸರಿನ ಹಳದಿ ನಂಜಿನ ವೈರಸ್ ಬದನೆಯಲ್ಲಿ ಇರುವುದಿಲ್ಲ. ಬೆಂಡೆಯ ಹಳದಿ ನರ ರೋಗದ ವೈರಸ್ಸೂ ಬೇರೆ. ಹೆಸರಿನದು ಹೆಸರು, ಉದ್ದು, ಸೋಯಾದಂಥ ಬೇಳೆಕಾಳಿನ ಜಾತಿಯಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಹತ್ತಿರದಲ್ಲಿ ಯಾರಾದರೂ ಹೆಸರು ಹಾಕಿದ್ದರಾ?

ಆಳಂದ ಎರೆಹೊಲ:
ನಾನೇ ಹಾಕಿದ್ದೆ ಅಣ್ಣಾ! ಬೋರಿನ ನೀರಿನಲ್ಲಿ ಅರ್ಧ ಎಕರೆ. ಕಾಯಿ ಬಿಡಿಸಿ ಗಿಡ ಹಾಗೇ ಬಿಟ್ಟೆ, ಮಳೆಗೆ ಮತ್ತೆ ಚಿಗುರಿತು. ಕೆಲವು ಹಳದಿಯೂ ಇದ್ದವು. ದನಕ್ಕೆ ಆಗುತ್ತದೆ ಅಂತ ಸುಮ್ನೆ ಬಿಟ್ಟಿದ್ದೆ.

ಶಹಾಪುರ ಹತ್ತಿ:
ಅಲ್ಲೇ ಇದೆ ನೋಡಿ. ಬದನೆಯಲ್ಲಿ ಹುಟ್ಟಿದ ನೊಣ ಚಿಗುರಿದ ಹೆಸರಿನ ರಸ ಹೀರಿತು, ವೈರಸ್ ಹೊತ್ತುಕೊಂಡು ಹೊಸ ಬೆಳೆಗೆ ಬಂತು. ಒಮ್ಮೆ ವೈರಸ್ ಹೊತ್ತ ನೊಣ ಅನೇಕ ದಿನ ಗಿಡದಿಂದ ಗಿಡಕ್ಕೆ ಹಂಚುತ್ತದೆ. ಹಾಗಾಗಿ ನೊಣ ಕಡಿಮೆ ಇದ್ದರೂ ಹಾನಿ ಜಾಸ್ತಿ.

ಸೈಪರ್‌ಮೆಥ್ರಿನ್ ದಯವಿಟ್ಟು ನಿಲ್ಲಿಸಿ. ನಮ್ಮ ಕಾಲುವೆ ಕೆಳಗಿನ ಹತ್ತಿಯಲ್ಲಿ ಇದನ್ನು ಅನುಭವಿಸಿದ್ದೇನೆ. ಅದು ಬಿಳಿ ನೊಣವನ್ನು ಹತೋಟಿಯಲ್ಲಿಡುವ ಗುಲಗಂಜಿ ಹುಳು, ಸಣ್ಣ ಕಣಜಗಳನ್ನು ಕೊಲ್ಲುತ್ತದೆ. ಎಲೆ ಅಡಿಯ ಮರಿಗೆ ತಾಗುವುದಿಲ್ಲ. ಕಾಯುವವರು ಸತ್ತ ಮೇಲೆ ನೊಣಕ್ಕೆ ಅಡ್ಡಿ ಯಾರು? 2015ರಲ್ಲಿ ಪಂಜಾಬಿನ ಹತ್ತಿ ಬಿಳಿ ನೊಣಕ್ಕೆ ನೆಲಕಚ್ಚಿದ್ದು ನೆನಪಿದೆ ಅಲ್ವಾ? ಅಲ್ಲಿ ಎಣ್ಣೆಗೇನೂ ಕಡಿಮೆ ಇರಲಿಲ್ಲ.

ಭಾಲ್ಕಿ ಅಕ್ಕ:
ಅಣ್ಣ ಹೇಳಿದ್ದು ಸರಿ. ಈಗ ಮಾಡಬೇಕಾದ್ದು ಹೇಳುತ್ತೇನೆ. ಹಳದಿಯಾದ ಗಿಡ ಯಾವ ಎಣ್ಣೆಗೂ ಹಸಿರಾಗುವುದಿಲ್ಲ, ಆ ಆಸೆ ಬಿಡು. ಅಂಥ ಗಿಡ ಕಡಿಮೆ ಇದ್ದರೆ ಕಿತ್ತು ಹೊಲದಿಂದ ಹೊರಗೆ ಹೂಳು. ಬೆಳಗಿನ ತಂಪಿನಲ್ಲಿ ಕೀಳು, ಆಗ ನೊಣ ಜಾಸ್ತಿ ಹಾರುವುದಿಲ್ಲ. ಚಿಗುರಿದ ಹಳೆ ಹೆಸರನ್ನು ಇವತ್ತೇ ಗಳೆ ಹೊಡೆದು ಮುಗಿಸು.

ಬದನೆಯನ್ನು ಮಾತ್ರ ಹಾಗೇ ಕೀಳಬೇಡ. ಕಿತ್ತರೆ ಅದರ ಮೇಲಿನ ನೊಣವೆಲ್ಲ ಹೆಸರಿಗೇ ಬರುತ್ತದೆ. ಮೊದಲು ಬದನೆಗೆ ಎಲೆ ಅಡಿ ನೆನೆಯುವಂತೆ ಬೇವಿನ ಬೀಜದ ಕಷಾಯ ಹೊಡಿ. 100 ಲೀಟರ್ ನೀರಿಗೆ 5 ಕೆಜಿ ಬೀಜದ ತಿರುಳಿನ ಪುಡಿ, ರಾತ್ರಿ ನೆನೆಸಿ ಸೋಸು, ಸ್ವಲ್ಪ ಸೋಪು ಸೇರಿಸು. ಎರಡು ದಿನ ಬಿಟ್ಟು ಕಿತ್ತು ಹೂಳು. ಹೆಸರಿಗೂ ಅದೇ ಕಷಾಯ ಹೊಡಿ, ಎಕರೆಗೆ 10 ಹಳದಿ ಅಂಟು ಹಾಳೆ ಕಟ್ಟು. ಇನ್ನೂ ನೊಣ ಏರಿದರೆ ಎಲೆ ಕಿತ್ತುಕೊಂಡು ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗು. ಹೆಸರಿಗೆ ಹೊಡೆಯಬಹುದಾದ ಔಷಧ ಅವರು ಬರೆದುಕೊಡುತ್ತಾರೆ. ಹತ್ತಿಗೆ ಅಂತ ಇರುವುದನ್ನೆಲ್ಲ ಕಾಳಿಗೆ ಹೊಡೆಯಬಾರದು.

ಆಳಂದ ಎರೆಹೊಲ (ಮುಂದಿನ ವರ್ಷ, ಆಗಸ್ಟ್):
ಹೋದ ವರ್ಷ ಬಾವಿ ಕಡೆಯ ಅರ್ಧ ಎಕರೆಯಲ್ಲಿ ಏನೂ ಸಿಗಲಿಲ್ಲ. ಉಳಿದದ್ದು ಬಂತು, ತೊಗರಿಗೆ ಏನೂ ಆಗಲಿಲ್ಲ. ಈ ವರ್ಷ ಬೇಸಿಗೆ ಹೆಸರು ಹಾಕಲಿಲ್ಲ. ಮೇ ತಿಂಗಳಲ್ಲೇ ಬದುವಿನ ತುತ್ತಿ ಕಿತ್ತೆ. ಹೆಸರಿಗಿಂತ 15 ದಿನ ಮೊದಲು ಬೋರಿನ ನೀರಿನಲ್ಲಿ ಸುತ್ತ ನಾಲ್ಕು ಸಾಲು ಜೋಳ ಹಾಕಿದೆ. ಜೋಳದ ಮೇಲೆ ಈ ನೊಣ ಬೆಳೆಯುವುದಿಲ್ಲ, ಅಡ್ಡಗೋಡೆಯಂತೆ ನಿಂತಿತು. ಎರಡು ಎಕರೆಯಲ್ಲಿ ಹಳದಿ ಗಿಡ 19 ಸಿಕ್ಕವು. ಎಣಿಸಿ ಕಿತ್ತೆ. ಮೊನ್ನೆ ಕಾಯಿ ಬಿಡಿಸಿ ಮುಗಿಸಿದೆವು.

ಒಂದು ಪ್ರಶ್ನೆ ಉಳಿದಿದೆ ಅಕ್ಕಾ. ಬದನೆ ಇಲ್ಲದೆ ಅವ್ವನಿಗೆ ಆಗುವುದಿಲ್ಲ. ಊರೊಳಗೆ ಮನೆ ಹಿಂದೆ ಆರು ಗಿಡ ಹಚ್ಚಿದ್ದಾಳೆ. ಬಿಡಲೇ?

ಭಾಲ್ಕಿ ಅಕ್ಕ:
ಬಿಡು ತಮ್ಮಾ. ರೊಟ್ಟಿಗೆ ಎಣ್ಣೆಗಾಯಿ ಬೇಡವಾ? ಹೊಲದಿಂದ ದೂರ ಇದೆ, ಆರೇ ಗಿಡ. ವಾರಕ್ಕೊಮ್ಮೆ ಕೆಳಗಿನ ಎಲೆ ತಿರುಗಿಸಿ ನೋಡಲು ಅವ್ವನಿಗೆ ಹೇಳು. ಮರಿ ಕಂಡ ಎಲೆ ಕಿತ್ತು ಒಲೆಗೆ ಹಾಕಲಿ. ಹೊಸ ಗಿಡ ಹಚ್ಚುವಾಗ ಹಳೆಯದನ್ನು ಉಳಿಸಿಕೊಳ್ಳಬೇಡಿ.